ಕುರ್ಚಿಯಲ್ಲಿ ಕೂತ ಶಾಸಕರು

“ಅಜ್ಜಾ, ಎಮ್ಮೆಲ್ಲೆ ಸಾಹೇಬ್ರ ಆಫೀಸ್ ಎಷ್ಟಕ್ಕ ಚಾಲೂ ಆಗ್ತದ?” ಎಂದು ಐದನೇ ಇಯತ್ತೆಯ ಮೊಮ್ಮಗಳು ಕೇಳಿದಳು. ಬ್ಯಾಂಕಿನಲ್ಲಿ ಗಡಿಯಾರ ನೋಡಿ ದುಡಿದ ನನಗೆ ಅದು ಸಹಜ ಪ್ರಶ್ನೆಯೇ ಅನ್ನಿಸಿತು. ಆದರೆ ಆ ಕೆಲಸಕ್ಕೆ ಗಂಟೆ ಎಂಬುದಿಲ್ಲ.

ನಮ್ಮ ಯರಗಟ್ಟಿ ಸೇರಿರುವುದು ಸವದತ್ತಿ ಯಲ್ಲಮ್ಮ ವಿಧಾನಸಭಾ ಕ್ಷೇತ್ರಕ್ಕೆ. ಶಾಸಕರು ಊರಲ್ಲಿದ್ದಾರೆಂದರೆ ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೇ ಮನೆ ಮುಂದೆ ಜನ ನಿಂತಿರುತ್ತಾರೆ. ಪಿಂಚಣಿ ನಿಂತುಹೋದ ಅಜ್ಜಿ, ವರ್ಗಾವಣೆ ಬೇಕಾದ ಮಾಸ್ತರರು, ಹೊಲದ ಟಿ.ಸಿ. ಸುಟ್ಟ ರೈತ, ಲಗ್ನಪತ್ರಿಕೆ ಹಿಡಿದ ಬೀಗರು. ಪಿಂಚಣಿ ಮಂಜೂರು ಮಾಡುವುದು ಕಂದಾಯ ಇಲಾಖೆ, ಟಿ.ಸಿ. ಕೂಡಿಸುವುದು ಹೆಸ್ಕಾಂ. ಶಾಸಕರು ಫೋನ್ ಮಾಡಬಹುದು, ಪತ್ರ ಕೊಡಬಹುದು. ಅವರ ನಿಜವಾದ ಕೆಲಸ ಸದನದಲ್ಲಿ. ಅಲ್ಲಿ ಪ್ರಶ್ನೆಗಳನ್ನು ಮೊದಲೇ ಬರೆದು ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಬಾಯಿಂದ ಉತ್ತರಿಸುತ್ತಾರೆ, ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ.

ನಮ್ಮ ಕ್ಷೇತ್ರದವರೇ ಒಬ್ಬರು ಇನ್ನೂ ಕಠಿಣವಾದ ಕೆಲಸ ಮಾಡಿದರು. 2008, 2013 ಮತ್ತು 2018ರಲ್ಲಿ ಗೆದ್ದ ಆನಂದ ಮಾಮನಿ ಅವರು 2020ರಲ್ಲಿ ವಿಧಾನಸಭೆಯ ಉಪಸಭಾಧ್ಯಕ್ಷರಾದರು. ಅವರ ತಂದೆ ಚಂದ್ರಶೇಖರ ಮಾಮನಿ ಅವರೂ ಹಿಂದೆ ಅದೇ ಹುದ್ದೆಯಲ್ಲಿದ್ದವರು.

ಸಭಾಧ್ಯಕ್ಷರು ಇಲ್ಲದಾಗ ಉಪಸಭಾಧ್ಯಕ್ಷರು ಸದನ ನಡೆಸುತ್ತಾರೆ. 224 ಸದಸ್ಯರಲ್ಲಿ ಕನಿಷ್ಠ 23 ಮಂದಿ ಹಾಜರಿದ್ದಾರೆಯೇ, ಯಾರ ಪಾಳಿ ಯಾವಾಗ, ಯಾರು ವೇಳೆ ಮೀರಿದರು, ಎಲ್ಲ ನೋಡಬೇಕು. ಎರಡೂ ಕಡೆಯವರು ಒಮ್ಮೆಲೇ ಎದ್ದು ಕೂಗಿದರೂ ಇವರು ಕೂಗುವಂತಿಲ್ಲ.

ಮಕ್ಕಳೇ, ನಿಜವಾದ ಕಷ್ಟ ಇರುವುದು ಇಲ್ಲಿ. ಸಭಾಧ್ಯಕ್ಷರು ಪೀಠದಲ್ಲಿದ್ದಾಗ ಉಪಸಭಾಧ್ಯಕ್ಷರು ಉಳಿದ ಸದಸ್ಯರಂತೆ ಮಾತಾಡಬಹುದು, ಮತ ಹಾಕಬಹುದು. ತಾವೇ ಪೀಠದಲ್ಲಿ ಕೂತರೆ ಮಾತ್ರ ಬಾಯಿ ಕಟ್ಟಿದಂತೆ. ಆ ಹೊತ್ತಿಗೆ ಮಲಪ್ರಭೆಯ ನೀರಿನ ಮಾತು ಬಂದಿತೆನ್ನಿ. ನವಿಲುತೀರ್ಥದ ಆಣೆಕಟ್ಟು ನಮ್ಮ ಸವದತ್ತಿಯ ಪಕ್ಕದಲ್ಲೇ ಇದೆ, ಕಾಲುವೆಯ ಕೊನೆಯ ರೈತನ ಗೋಳು ಅವರಿಗೆ ಗೊತ್ತು. ಆದರೂ ಎದುರು ಪಕ್ಷದವರಿಗೆ ಮಾತಿನ ಪಾಳಿ ಕೊಟ್ಟು, ತಾವು ಕೇಳುತ್ತ ಕೂಡಬೇಕು. ಮತದಾನವಾದಾಗಲೂ ಮೊದಲಿಗೆ ಅವರಿಗೆ ಮತವಿಲ್ಲ. ಎರಡೂ ಕಡೆ ಸಮವಾದರೆ ಮಾತ್ರ ಒಂದು ನಿರ್ಣಾಯಕ ಮತ. ಇದು ಸಂವಿಧಾನದ 189ನೇ ವಿಧಿ.

ನನಗೆ ಇದು ಬೇಗ ಅರ್ಥವಾಗುತ್ತದೆ. ಕ್ಯಾಶ್ ಕೌಂಟರಿನಲ್ಲಿ ಕೂತಾಗ ಸ್ವಂತ ತಮ್ಮನ ಚೆಕ್ಕೂ ಪಾಳಿಯಲ್ಲೇ ಬರಬೇಕಿತ್ತು. ಮನೆಗೆ ಬಂದ ಮೇಲೆ ಅವನು ಎರಡು ದಿನ ಮಾತು ಬಿಟ್ಟಿದ್ದ! “ನಮ್ಮ ಸಾಹೇಬ್ರು ಸುಮ್ಮ ಕುಂತಾರ” ಎಂದು ಊರವರು ಬೇಸರಪಡುವುದೂ ಹೀಗೆಯೇ. ಆದರೆ ಪೀಠ ಒಂದು ಊರಿನ ಪರ ವಾಲಿದರೆ ಉಳಿದ ಊರುಗಳವರು ಯಾರನ್ನು ಕೇಳಬೇಕು?

ಆನಂದ ಮಾಮನಿ ಅವರು ಆ ಹುದ್ದೆಯಲ್ಲಿ ಇದ್ದಾಗಲೇ, 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಐವತ್ತಾರು ಸಾಯುವ ವಯಸ್ಸಲ್ಲ.

ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದ ಮೇಲೆ ಸದನ ನಮಗೆ ಹತ್ತಿರವಾಗಿದೆ. ಚಳಿಗಾಲದ ಅಧಿವೇಶನಕ್ಕೆ ಶಾಲೆಯಿಂದ ಕರೆದೊಯ್ದರೆ, ಕೂಗುವವರನ್ನು ಬಿಟ್ಟು ಮೊದಲು ಪೀಠದಲ್ಲಿ ಕೂತವರ ಮುಖ ನೋಡಿ. ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವಂತಿಲ್ಲ, ನೆನಪಿರಲಿ.