ಫೋನು ಅಮ್ಮನದು, ಬೆರಳು ಮಗುವಿನದು

ಸಂಜೆ ಅಮ್ಮ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಹೊತ್ತಿಗೆ ಅವಳ ಫೋನು ಆರು ವರ್ಷದ ಮಗನ ಕೈ ಸೇರಿರುತ್ತದೆ. ಯೂಟ್ಯೂಬ್‌ನಲ್ಲಿ ಮೊದಲು ಒಂದು ಕಾರ್ಟೂನ್, ಅದು ಮುಗಿದರೆ ತಾನಾಗಿಯೇ ಇನ್ನೊಂದು, ಆಮೇಲೆ ಬೆರಳು ಸರಿಸಿದಷ್ಟೂ ಮುಗಿಯದ ಶಾರ್ಟ್ಸ್. ಅದೇ ಫೋನಿಗೆ ಬ್ಯಾಂಕಿನ ಒಟಿಪಿ ಬರುತ್ತದೆ, ಆಫೀಸಿನ ವಾಟ್ಸ್‌ಆ್ಯಪ್ ಗುಂಪೂ ಅದರಲ್ಲೇ ಇದೆ. ಫೋನಿನ ಲೆಕ್ಕದಲ್ಲಿ ಅದನ್ನು ಹಿಡಿದು ಕೂತಿರುವುದು ಮೂವತ್ತೈದರ ಹೆಂಗಸು. ಹಾಗಾಗಿ ಅವಳಿಗೆ ತಕ್ಕ ಜಾಹೀರಾತು, ಅವಳಿಗೆ ತಕ್ಕ ವಿಡಿಯೊಗಳನ್ನೇ ಅದು ಹುಡುಗನ ಮುಂದೆ ತಂದು ಸುರಿಯುತ್ತದೆ.

ಮಕ್ಕಳ ಮೊಬೈಲ್ ಬಳಕೆಗೆ ಕಡಿವಾಣ ಹಾಕುವ ಸೌಲಭ್ಯಗಳಿಗೆ ಈಗ ಬರವಿಲ್ಲ. ಅನೇಕವು ಉಚಿತವೂ ಹೌದು. ತೊಡಕಿರುವುದು ಬೇರೆ ಕಡೆ: ಮಗುವಿಗೆ ತನ್ನದೇ ಫೋನು, ತನ್ನದೇ ಖಾತೆ ಇದೆ ಎಂದುಕೊಂಡೇ ಅವುಗಳಲ್ಲಿ ಹೆಚ್ಚಿನವನ್ನು ರೂಪಿಸಲಾಗಿದೆ. ನಮ್ಮ ಮನೆಗಳ ವಾಸ್ತವ ಹಾಗಿಲ್ಲ. ಗ್ರಾಮೀಣ ಭಾರತದ ಮಕ್ಕಳ ಕುರಿತ ಅಸರ್ 2024ರ ವರದಿಯ ಪ್ರಕಾರ 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಆದರೆ ಹಾಗೆ ಬಳಸಬಲ್ಲ 14ರ ಮಕ್ಕಳಲ್ಲಿ ಸ್ವಂತ ಫೋನಿರುವುದು ಶೇ 27ರಷ್ಟು ಮಂದಿಗೆ ಮಾತ್ರ. ಉಳಿದವರದು ಅಪ್ಪನ, ಅಮ್ಮನ ಅಥವಾ ಅಣ್ಣನ ಫೋನು. ಅಂದಮೇಲೆ ಬೀಗ ಹಾಕುವ ಕೆಲಸ ಶುರುವಾಗಬೇಕಾದ್ದು ದೊಡ್ಡವರ ಫೋನಿನಿಂದಲೇ.

ಅದಕ್ಕೆ ಹೆಚ್ಚು ಹೊತ್ತು ಬೇಡ. ಆಂಡ್ರಾಯ್ಡ್ ಫೋನಿನ ಭದ್ರತಾ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಎಂಬುದೊಂದಿದೆ. ಒಂದು ಆ್ಯಪ್ ತೆರೆದು ಪಿನ್ ಮಾಡಿ ಕೊಟ್ಟರೆ ಮಗು ಅದರಲ್ಲೇ ಉಳಿಯುತ್ತದೆ. ಹೊರಬರಲು ಫೋನಿನ ಪಿನ್ ಬೇಕು ಎಂದೂ ಹೊಂದಿಸಬಹುದು. ಐಫೋನ್‌ನಲ್ಲಿ ಇದೇ ಕೆಲಸವನ್ನು ‘ಗೈಡೆಡ್ ಆ್ಯಕ್ಸೆಸ್’ ಮಾಡುತ್ತದೆ. ಪ್ಲೇಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿದರೆ, ಆಟದ ನಡುವೆ ವಜ್ರವನ್ನೋ ನಾಣ್ಯವನ್ನೋ ಕೊಳ್ಳಲು ಹೋಗಿ ಖಾತೆಯ ಹಣ ಕರಗುವುದು ತಪ್ಪುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಬೇರೆ ಬಳಕೆದಾರರನ್ನು ಸೇರಿಸುವ ಅವಕಾಶವೂ ಇದೆ. ಅಲ್ಲಿ ಅಮ್ಮನ ಫೋಟೊ, ಮೆಸೇಜು, ಹಣ ಕಳಿಸುವ ಆ್ಯಪ್ ಯಾವುವೂ ಮಗುವಿಗೆ ಕಾಣುವುದಿಲ್ಲ.

ಪಿನ್ ಮಾಡಿದ ಯೂಟ್ಯೂಬ್ ಯೂಟ್ಯೂಬೇ ಆಗಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಚಿಕ್ಕ ಮಕ್ಕಳಿಗೆಂದೇ ಇರುವ ಯೂಟ್ಯೂಬ್ ಕಿಡ್ಸ್ 2016ರಲ್ಲಿ ಭಾರತಕ್ಕೆ ಬಂತು. ಅದನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2017ರಲ್ಲಿ ಜಗತ್ತಿನ ಹಲವೆಡೆ ತಂದೆತಾಯಿಯರು ಬೆಚ್ಚಿಬಿದ್ದರು: ಮಕ್ಕಳಿಗೆ ಅಚ್ಚುಮೆಚ್ಚಿನ ಕಾರ್ಟೂನ್ ಪಾತ್ರಗಳನ್ನೇ ಹೋಲುವ ಗೊಂಬೆಗಳು ಹಿಂಸೆ, ಅಸಭ್ಯತೆಯ ದೃಶ್ಯಗಳಲ್ಲಿ ಕಾಣಿಸಿಕೊಂಡಿದ್ದ ವಿಡಿಯೊಗಳು ಸೋಸುವ ಯಂತ್ರದ ಕಣ್ಣು ತಪ್ಪಿಸಿ ಮಕ್ಕಳನ್ನು ತಲುಪಿದ್ದವು. ಕಂಪನಿ ಅಂಥ ಚಾನೆಲ್‌ಗಳನ್ನು ತೆಗೆದುಹಾಕಿತು. ಮರುವರ್ಷ, ಪಾಲಕರು ಆರಿಸಿದ ವಿಡಿಯೊ ಮತ್ತು ಚಾನೆಲ್ ಮಾತ್ರ ಕಾಣುವಂತೆ ಮಾಡುವ ಆಯ್ಕೆಯನ್ನು ಕೊಟ್ಟಿತು. ಪುಟ್ಟ ಮಕ್ಕಳಿರುವ ಮನೆಯವರು ಒಂದೇ ಒಂದು ಸೆಟ್ಟಿಂಗ್ ಬದಲಿಸುವುದಾದರೆ ಅದು ಇದೇ ಆಗಬೇಕು. ಹತ್ತು ಒಳ್ಳೆಯ ಚಾನೆಲ್ ಹುಡುಕಿ ಸೇರಿಸಲು ಒಂದು ಭಾನುವಾರದ ಮಧ್ಯಾಹ್ನ ಸಾಕು.

ಮಗುವಿಗೆ ಬೇರೆ ಫೋನೋ ಟ್ಯಾಬೋ ಕೊಡುವ ಮನೆಗಳಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್, ಆ್ಯಪಲ್‌ನ ಸ್ಕ್ರೀನ್ ಟೈಮ್ ಇವೆ. ಭಾರತದಲ್ಲಿ 13 ತುಂಬದ ಮಗು ತಾನೇ ಗೂಗಲ್ ಖಾತೆ ತೆರೆಯುವಂತಿಲ್ಲ. ಫ್ಯಾಮಿಲಿ ಲಿಂಕ್ ಮೂಲಕ ಪಾಲಕರು ತೆರೆದುಕೊಡಬೇಕು. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಫೋನು ಮುಚ್ಚಬೇಕು, ಯಾವ ಆ್ಯಪ್ ಇಳಿಸಿಕೊಳ್ಳಬಹುದು ಎಂಬುದನ್ನೆಲ್ಲ ಅಪ್ಪ ತನ್ನ ಫೋನಿನಿಂದಲೇ ತೀರ್ಮಾನಿಸಬಹುದು. ಫ್ಯಾಮಿಲಿ ಲಿಂಕ್ ಏನು ಮಾಡುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಮಗುವಿನ ಮೆಸೇಜು ಓದಲು, ಕರೆ ಕದ್ದು ಕೇಳಲು, ದೂರದಿಂದ ಪರದೆ ನೋಡಲು ಅದರಲ್ಲಿ ಬರುವುದಿಲ್ಲ. ತನ್ನ ಖಾತೆಯ ಮೇಲೆ ಉಸ್ತುವಾರಿ ಇದೆ ಎಂಬುದು ಮಗುವಿಗೂ ತಿಳಿದಿರುತ್ತದೆ.

ಮಾರುಕಟ್ಟೆಯಲ್ಲಿ ಇದಕ್ಕೆ ವಿರುದ್ಧವಾದ ಸರಕೂ ಇದೆ. ಮಗಳಿಗೆ ಗೊತ್ತಾಗದಂತೆ ಅವಳ ಚಾಟ್ ಓದಿ ಎಂದು ಆಸೆ ಹುಟ್ಟಿಸುವ ಗೂಢಚಾರಿ ಆ್ಯಪ್‌ಗಳು ಅವು. ಮಗಳ ಖಾಸಗಿ ಮಾತು, ಫೋಟೊಗಳು ಯಾವುದೋ ಅಪರಿಚಿತ ಕಂಪನಿಯ ಸರ್ವರ್ ಸೇರುವ ಅಪಾಯ ಒಂದು ಕಡೆ. ಗುಟ್ಟು ಬಯಲಾದ ದಿನ ಅವಳು ಮನೆಯವರ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುವುದು ಇನ್ನೊಂದು ಕಡೆ. ಅದೂ ಅಲ್ಲದೆ, ಫೋನು ಹುಡುಗಿಯರ ಕೈಗೆ ಸಿಗುವುದೇ ಕಡಿಮೆ. ಅದೇ ಅಸರ್ ವರದಿಯಲ್ಲಿ, ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವರ್ಷದವರ ಪೈಕಿ ಸ್ವಂತ ಫೋನಿರುವ ಹುಡುಗರ ಪ್ರಮಾಣ ಶೇ 36ರಷ್ಟಿದ್ದರೆ ಹುಡುಗಿಯರದು ಶೇ 27ರಷ್ಟು. ಸುರಕ್ಷತೆಯ ನೆಪದಲ್ಲಿ ಹುಡುಗಿಯ ಫೋನನ್ನಷ್ಟೇ ಕಸಿದುಕೊಂಡು, ಅಣ್ಣ ನಡುರಾತ್ರಿಯವರೆಗೆ ಆಡುವುದನ್ನು ಕಂಡೂ ಕಾಣದಂತಿರುವುದು ಅನ್ಯಾಯ.

ಬೀಗ ಮುರಿಯುವುದರಲ್ಲಿ ಮಕ್ಕಳು ಜಾಣರು. ಪಿನ್ ಒತ್ತುವಾಗ ಇಣುಕಿ ನೋಡುತ್ತಾರೆ. ಆ್ಯಪ್ ಮುಚ್ಚಿದರೆ ಬ್ರೌಸರ್‌ನಲ್ಲಿ ಅದೇ ಜಾಲತಾಣ ತೆರೆಯುತ್ತಾರೆ. ಹುಟ್ಟಿದ ವರ್ಷವನ್ನು ಹಿಂದಕ್ಕೆ ತಳ್ಳಿ ಇನ್‌ಸ್ಟಾಗ್ರಾಮ್ ಸೇರುತ್ತಾರೆ. ಸರ್ಕಾರಗಳೇ ಈ ಜಾಣತನದ ಮುಂದೆ ಸೋತದ್ದುಂಟು. 16ರೊಳಗಿನವರು ರಾತ್ರಿ 12ರಿಂದ ಬೆಳಗಿನ 6ರವರೆಗೆ ಆನ್‌ಲೈನ್ ಆಟ ಆಡುವಂತಿಲ್ಲ ಎಂದು ದಕ್ಷಿಣ ಕೊರಿಯಾ 2011ರಲ್ಲಿ ಕಾನೂನು ತಂದಿತು. ಮಕ್ಕಳು ಅಪ್ಪ ಅಮ್ಮನ ಗುರುತಿನ ಸಂಖ್ಯೆ ಹಾಕಿ ಆಟಕ್ಕಿಳಿದರು. ಅಷ್ಟರಲ್ಲಿ ಆಟಗಳು ಕಂಪ್ಯೂಟರಿನಿಂದ ಮೊಬೈಲಿಗೆ ಸರಿದವು. ಕಾನೂನಿನ ವ್ಯಾಪ್ತಿಗೆ ಮೊಬೈಲ್ ಆಟಗಳು ಬರುತ್ತಿರಲಿಲ್ಲ. ಹತ್ತು ವರ್ಷದ ಬಳಿಕ, 2021ರಲ್ಲಿ, ಅದನ್ನು ಕೈಬಿಡಲು ನಿರ್ಧರಿಸಲಾಯಿತು. ಆಸ್ಟ್ರೇಲಿಯಾ ಈಗ ಹೊಣೆಯನ್ನು ಕಂಪನಿಗಳ ತಲೆಗೇ ಕಟ್ಟಿದೆ. 2025ರ ಡಿಸೆಂಬರ್ 10ರಿಂದ ಅಲ್ಲಿ 16ರೊಳಗಿನವರಿಗೆ ಪ್ರಮುಖ ಸೋಷಿಯಲ್ ಮೀಡಿಯಾ ಖಾತೆಗಳಿಲ್ಲ. ತಪ್ಪಿದರೆ ದಂಡ ಕಂಪನಿಗೇ ಹೊರತು ಮಗುವಿಗಾಗಲಿ ಪಾಲಕರಿಗಾಗಲಿ ಅಲ್ಲ.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನ ಎಲ್ಲರನ್ನೂ ಮಕ್ಕಳೆಂದೇ ಗಣಿಸುತ್ತದೆ. ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಅವರ ಚಲನವಲನದ ಜಾಡು ಹಿಡಿದು ಜಾಹೀರಾತು ತೋರಿಸುವುದಕ್ಕೆ ನಿಷೇಧವಿದೆ. ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಯಾಗಲಿವೆ. ಒಳ್ಳೆಯ ಕಾನೂನೇ. ಆದರೆ ಅಮ್ಮನ ಖಾತೆಯಲ್ಲಿ ಕಾರ್ಟೂನ್ ನೋಡುವ ಹುಡುಗ ಈ ಕಾನೂನಿನ ಕಣ್ಣಿಗೂ ಬೀಳುವುದು ಕಷ್ಟ. ಕಂಪನಿಯ ದಾಖಲೆಯಲ್ಲಿ ಅವನು ಮಗುವೇ ಅಲ್ಲ. ಅದಕ್ಕೇ, ಹಂಚಿಕೊಂಡ ಫೋನಿನಲ್ಲೂ ಮಗುವಿಗೆ ಬೇರೆ ಪ್ರೊಫೈಲ್ ಮಾಡಿಕೊಡುವುದು ಬರೀ ಅನುಕೂಲದ ಮಾತಲ್ಲ.

ಆ್ಯಪು, ಕಾನೂನು ಎರಡನ್ನೂ ನೆಚ್ಚದ ದಾರಿಯೂ ಇದೆ. ಬೆಳಗಾವಿಯ ಪಕ್ಕದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. ಅಲ್ಲಿ 2022ರಲ್ಲಿ ಒಂದು ಪದ್ಧತಿ ಶುರುವಾಯಿತು. ಸಂಜೆ 7ಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಒಂದೂವರೆ ಗಂಟೆ ಊರಿಡೀ ಟಿವಿ, ಮೊಬೈಲ್ ಬಂದ್. ಮಕ್ಕಳಿಗೆ ಓದು, ದೊಡ್ಡವರಿಗೂ ವಿನಾಯಿತಿಯಿಲ್ಲ. ಇದಕ್ಕೆ ಯಾವ ಆ್ಯಪೂ ಬೇಕಾಗಲಿಲ್ಲ. ಅಪ್ಪ ರೀಲ್ಸ್ ನೋಡುತ್ತಾ ಮಗನ ಫೋನಿಗೆ ಬೀಗ ಹಾಕುವ ಮನೆಯಲ್ಲಿ ಬೀಗ ಎಷ್ಟು ದಿನ ನಿಂತೀತು?

ಮಗು ಬೆಳೆದಂತೆ ಬೀಗ ಸಡಿಲಬೇಕು, ಅದರ ಜಾಗದಲ್ಲಿ ತಿಳಿವಳಿಕೆ ತುಂಬಬೇಕು. ಅಸರ್ ಸಮೀಕ್ಷೆಯಲ್ಲಿ ಸೋಷಿಯಲ್ ಮೀಡಿಯಾ ಬಳಸುವ ಹದಿಹರೆಯದವರ ಪೈಕಿ ತಮ್ಮ ಪ್ರೊಫೈಲನ್ನು ಪ್ರೈವೇಟ್ ಮಾಡುವುದು ಗೊತ್ತಿದ್ದವರು ಶೇ 55ರಷ್ಟು ಮಾತ್ರ. ಬ್ಲಾಕ್ ಅಥವಾ ರಿಪೋರ್ಟ್ ಮಾಡುವುದು ಗೊತ್ತಿದ್ದವರು ಶೇ 62. ಇವೆರಡನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬಹುದು. ಯಾರಾದರೂ ಫೋಟೊ ಕೇಳಿದರೆ, ಹೆದರಿಸಿದರೆ ಬೈಗುಳದ ಭಯವಿಲ್ಲದೆ ಮನೆಯಲ್ಲಿ ಹೇಳಬಹುದು ಎಂಬುದನ್ನೂ ಆಗಲೇ ತಿಳಿಸಬೇಕು. ಸೈಬರ್ ವಂಚನೆಯ ದೂರಿಗೆ 1930, ಮಕ್ಕಳ ಸಹಾಯವಾಣಿಗೆ 1098. ಫೋನು ಬಿಟ್ಟಿರಲಾಗದೆ ಊಟ, ನಿದ್ದೆ, ಶಾಲೆ ಹದಗೆಟ್ಟಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೂ ಇದಕ್ಕೆಂದೇ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ಅಲ್ಲಿಗೆ ಹೋಗಲಾಗದ ಊರಿನವರು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.