ಇಂಗ್ಲಿಷ್ ಪರೀಕ್ಷೆ: ಅಂಕ ಸೋರುವುದು ಎಲ್ಲಿ?

1913ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿ ಮೊದಲ ಬಾರಿಗೆ ಪ್ರಾವೀಣ್ಯ ಪರೀಕ್ಷೆಯೊಂದನ್ನು ನಡೆಸಿತು. ಕುಳಿತವರು ಮೂವರೇ. ವ್ಯಾಕರಣ, ಧ್ವನಿಶಾಸ್ತ್ರ, ಪ್ರಬಂಧ, ಫ್ರೆಂಚ್ ಅಥವಾ ಜರ್ಮನ್ ಭಾಷೆಯೊಡನೆ ಅನುವಾದ, ಎಲ್ಲ ಸೇರಿ ಹನ್ನೆರಡು ಗಂಟೆಗಳ ಪರೀಕ್ಷೆ ಅದು. ಮೂವರೂ ಫೇಲಾದರು.

ಆ ಪರೀಕ್ಷೆ ಭಾಷೆಯ ಬಗ್ಗೆ ಎಷ್ಟು ಗೊತ್ತಿದೆ ಎಂದು ಕೇಳುತ್ತಿತ್ತು. ಈಗಿನ ಪರೀಕ್ಷೆಗಳು ಕೇಳುವುದು ಬೇರೆಯದನ್ನೇ. ಉಪನ್ಯಾಸ ಕೇಳಿ ಟಿಪ್ಪಣಿ ಮಾಡಿಕೊಳ್ಳಲು ಬರುತ್ತದೆಯೇ? ನಕ್ಷೆಯೊಂದನ್ನು ನೋಡಿ ನಾಲ್ಕು ಮಾತು ಬರೆಯಲು ಬರುತ್ತದೆಯೇ? ಎದುರು ಕೂತವರ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡಲು ಬರುತ್ತದೆಯೇ? 1980ರಲ್ಲಿ ಬ್ರಿಟನ್ನಿನಲ್ಲಿ ಈ ದಾರಿಯಲ್ಲಿ ಒಂದು ಪರೀಕ್ಷೆ ಶುರುವಾಯಿತು. 1989ರಲ್ಲಿ ಅದೇ ಹೊಸ ರೂಪ ಪಡೆದು ಐಇಎಲ್‌ಟಿಎಸ್ ಆಯಿತು. ಬ್ರಿಟಿಷ್ ಕೌನ್ಸಿಲ್, ಆಸ್ಟ್ರೇಲಿಯಾ ಮೂಲದ ಐಡಿಪಿ ಮತ್ತು ಕೇಂಬ್ರಿಜ್ ಸಂಸ್ಥೆಗಳು ಇದರ ಒಡೆಯರು. 2021ರಿಂದ ಭಾರತದಲ್ಲಿ ಇದನ್ನು ನಡೆಸುತ್ತಿರುವುದು ಐಡಿಪಿ.

ಬೆಂಗಳೂರಿನ ಎಂಜಿನಿಯರ್, ಮಂಗಳೂರಿನ ನರ್ಸ್, ಹುಬ್ಬಳ್ಳಿಯಿಂದ ಎಂ.ಎಸ್. ಓದಲು ಹೊರಟ ಹುಡುಗ, ಪರದೇಶಕ್ಕೆ ಹೋಗಬೇಕಾದರೆ ಎಲ್ಲರೂ ಒಂದಲ್ಲ ಒಂದು ಇಂಗ್ಲಿಷ್ ಪರೀಕ್ಷೆಯ ಬಾಗಿಲು ದಾಟಲೇಬೇಕು. ಐಇಎಲ್‌ಟಿಎಸ್‌ಗೆ ಒಂದು ಸಲ ಕುಳಿತೇಳಲು ಹದಿನೈದು ಸಾವಿರ ರೂಪಾಯಿಗೂ ಮಿಕ್ಕಿ ಶುಲ್ಕ. ಬೇಕಾದ ಅಂಕ ಸ್ವಲ್ಪದರಲ್ಲಿ ತಪ್ಪಿದರೆ ಮತ್ತೆ ಅಷ್ಟೇ ಹಣ, ಮತ್ತೆ ಅದೇ ಆತಂಕ. ಹೀಗೆ ಎಡವುವವರಲ್ಲಿ ಇಂಗ್ಲಿಷ್ ಬಾರದವರು ಮಾತ್ರ ಇಲ್ಲ. ವರ್ಷಗಟ್ಟಲೆ ಇಂಗ್ಲಿಷಿನಲ್ಲೇ ಕೆಲಸ ಮಾಡಿದವರೂ ಇರುತ್ತಾರೆ. ಅಂಕ ಎಲ್ಲಿ ಸೋರುತ್ತದೆ ಎಂಬುದು ತಿಳಿಯದೆ ತಯಾರಿ ಮಾಡುವುದೇ ಇದಕ್ಕೆ ಬಹುಮಟ್ಟಿನ ಕಾರಣ.

ಮೊದಲು ಐಇಎಲ್‌ಟಿಎಸ್‌ನ ಲೆಕ್ಕ ನೋಡೋಣ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಪ್ರತಿಯೊಂದಕ್ಕೂ ಸೊನ್ನೆಯಿಂದ ಒಂಬತ್ತರವರೆಗೆ ಬ್ಯಾಂಡ್. ನಾಲ್ಕರ ಸರಾಸರಿಯನ್ನು ಹತ್ತಿರದ ಅರ್ಧ ಬ್ಯಾಂಡಿಗೆ ತರುತ್ತಾರೆ, ಸರಾಸರಿ 6.75 ಬಂದರೆ ಅದು ಏಳಾಗುತ್ತದೆ. ಕೇಳುವುದರಲ್ಲಿ 7.5, ಓದಿನಲ್ಲಿ 7, ಮಾತಿನಲ್ಲಿ 6.5, ಬರವಣಿಗೆಯಲ್ಲಿ 6 ಬಂತೆಂದುಕೊಳ್ಳಿ. ಒಟ್ಟು ಬ್ಯಾಂಡ್ ಏಳು! ಮನೆಯಲ್ಲಿ ಸಿಹಿ ಹಂಚಿದರೂ ತಪ್ಪಿಲ್ಲ. ಆದರೆ ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಣಿಯಾಗಲು ಅಲ್ಲಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್ ಬರವಣಿಗೆಯಲ್ಲಿ 6.5, ಉಳಿದ ಮೂರರಲ್ಲೂ ತಲಾ 7 ಕೇಳುತ್ತದೆ. ಒಟ್ಟು ಏಳು ಬಂದ ಈ ಅಭ್ಯರ್ಥಿಗೆ ಅಲ್ಲಿ ಬಾಗಿಲು ತೆರೆಯುವುದಿಲ್ಲ. ಕೆನಡಾದ ವಲಸೆ ಅಂಕಪಟ್ಟಿಯಲ್ಲಿ ಭಾಷೆಗೆ ಒಳ್ಳೆಯ ಅಂಕ ತರುವ, ಅಲ್ಲಿನ ಭಾಷಾಮಾಪನದ ಒಂಬತ್ತನೇ ಹಂತ ಮುಟ್ಟಬೇಕಾದರೆ ಕೇಳುವುದರಲ್ಲಿ 8, ಉಳಿದ ಮೂರರಲ್ಲಿ 7 ಬೇಕು. ಆದ್ದರಿಂದ ಅರ್ಜಿ ಹಾಕುವ ಮೊದಲೇ, ತಾನು ಹೋಗಬೇಕಾದ ವಿಶ್ವವಿದ್ಯಾಲಯವೋ ಕೌನ್ಸಿಲ್ಲೋ ಪ್ರತಿ ಭಾಗಕ್ಕೂ ಎಷ್ಟು ಕೇಳುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಯಾವ ಪರೀಕ್ಷೆ ಬರೆಯಬೇಕೆಂಬುದೂ ಅಲ್ಲಿಂದಲೇ ತೀರ್ಮಾನವಾಗುತ್ತದೆ. ಅಮೆರಿಕದಲ್ಲಿ 1964ರಲ್ಲಿ ಶುರುವಾದ ಟೋಫೆಲ್, ಉತ್ತರಗಳನ್ನು ಬಹುಮಟ್ಟಿಗೆ ಕಂಪ್ಯೂಟರೇ ತೂಗುವ ಪಿಯರ್ಸನ್ ಕಂಪನಿಯ ಪಿಟಿಇ, ಮನೆಯಲ್ಲೇ ಕೂತು ಬರೆಯಬಹುದಾದ ಡ್ಯುಯೊಲಿಂಗೊ ಎಲ್ಲವೂ ಇವೆ. ಆದರೆ ಎಲ್ಲ ಕಡೆಯೂ ಎಲ್ಲವೂ ನಡೆಯುವುದಿಲ್ಲ.

ಐಇಎಲ್‌ಟಿಎಸ್‌ನ ಕೇಳುವ ಭಾಗದಲ್ಲಿ ನಲವತ್ತು ಪ್ರಶ್ನೆ, ಸುಮಾರು ಮೂವತ್ತು ನಿಮಿಷ. ಧ್ವನಿಮುದ್ರಣ ಒಂದೇ ಸಲ ಕೇಳಿಸುತ್ತದೆ. ಮೊದಲ ಭಾಗದ ಸಂಭಾಷಣೆ ಸುಲಭವೆನಿಸುತ್ತದೆ: ಕೋಣೆ ಕಾಯ್ದಿರಿಸುವುದು, ಕ್ಲಬ್ಬಿಗೆ ಹೆಸರು ಕೊಡುವುದು, ಅಂಥದ್ದು. ಆದರೆ ಮಾತಾಡುವವರು ಗುರುವಾರ ಎಂದು ಹೇಳಿ, ಎರಡು ವಾಕ್ಯ ಬಿಟ್ಟು, ಅಲ್ಲ, ಶುಕ್ರವಾರವೇ ಆಗಲಿ ಎನ್ನುತ್ತಾರೆ. ಮೊದಲು ಕೇಳಿಸಿದ್ದನ್ನು ಬರೆದು ಪೆನ್ನು ಕೆಳಗಿಟ್ಟವರ ಅಂಕ ಹೋಯಿತು. ಎರಡು ಪದಕ್ಕಿಂತ ಹೆಚ್ಚು ಬೇಡ ಎಂಬ ಸೂಚನೆ ಇದ್ದಲ್ಲಿ ಮೂರು ಪದ ಬರೆದರೆ ಉತ್ತರ ಸರಿಯಿದ್ದರೂ ಸೊನ್ನೆ. ಕಾಗುಣಿತ ತಪ್ಪಿದರೂ ಸೊನ್ನೆಯೇ. ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕಗಳ ಉಚ್ಚಾರಣೆಗಳು ಒಂದೇ ಪರೀಕ್ಷೆಯಲ್ಲಿ ಬರುತ್ತವೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಅದರದೇ ಹೊತ್ತು ಸಿಗುತ್ತದೆ. ಇಂಗ್ಲಿಷರು ಒತ್ತು ಬೀಳುವ ಕಡೆ ನಿಂತು, ಉಳಿದುದನ್ನು ನುಂಗಿಬಿಡುತ್ತಾರೆ. ಓದಿದರೆ ತಕ್ಷಣ ತಿಳಿಯುವ ವಾಕ್ಯ ಕಿವಿಗೆ ಬಿದ್ದಾಗ ಅಪರಿಚಿತವೆನಿಸುವುದು ಇದರಿಂದಲೇ. ಬಿಬಿಸಿಯ ಆರು ನಿಮಿಷದ ಇಂಗ್ಲಿಷ್ ಕಾರ್ಯಕ್ರಮದಂಥವು ಪುಕ್ಕಟೆ ಸಿಗುತ್ತವೆ, ಜೊತೆಗೆ ಅವುಗಳ ಬರಹರೂಪವೂ ಇರುತ್ತದೆ. ಮೊದಲು ಬರೀ ಕೇಳಿ, ಆಮೇಲೆ ಓದುತ್ತ ಕೇಳಿ, ಕೊನೆಗೆ ಮತ್ತೆ ಬರೀ ಕೇಳುವ ಅಭ್ಯಾಸವನ್ನು ತಿಂಗಳುಗಟ್ಟಲೆ ನಡೆಸಿದರೆ ಕಿವಿ ಪಳಗುತ್ತದೆ.

ಓದಿನ ಭಾಗದ ಕಷ್ಟ ಬೇರೆ. ಅಕಾಡೆಮಿಕ್ ವಿಭಾಗದಲ್ಲಿ ಮೂರು ಉದ್ದನೆಯ ಬರಹ, ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಪದ, ನಲವತ್ತು ಪ್ರಶ್ನೆ, ಒಂದು ಗಂಟೆ. ಆರಂಭದಿಂದ ಕೊನೆಯವರೆಗೆ ಪಠ್ಯಪುಸ್ತಕದಂತೆ ಓದುವವರಿಗೆ ಮೂರನೆಯ ಬರಹ ಮುಟ್ಟಲು ಹೊತ್ತೇ ಸಾಲುವುದಿಲ್ಲ. ಇಲ್ಲಿ ಬುದ್ಧಿವಂತರೂ ಬೀಳುವ ಗುಂಡಿಯೆಂದರೆ ಸರಿ, ತಪ್ಪು, ಹೇಳಿಲ್ಲ ಎಂಬ ಮೂರು ಆಯ್ಕೆಯ ಪ್ರಶ್ನೆಗಳು. ಊರ ಕೆರೆಯ ಹೂಳನ್ನು ಪಂಚಾಯಿತಿ ಎತ್ತಿಸಿತು ಎಂದು ಬರಹದಲ್ಲಿದೆ ಎನ್ನಿ. ಅರಣ್ಯ ಇಲಾಖೆ ಹೂಳೆತ್ತಿಸಿತು ಎಂಬ ಹೇಳಿಕೆ ತಪ್ಪು. ಹೂಳೆತ್ತಿದ ಮೇಲೆ ಕೆರೆಯಲ್ಲಿ ನೀರು ಹೆಚ್ಚಾಯಿತು ಎಂಬ ಹೇಳಿಕೆ? ನಮಗೆ ಗೊತ್ತು, ಹೂಳು ತೆಗೆದರೆ ನೀರು ಹೆಚ್ಚು ನಿಲ್ಲುತ್ತದೆ. ಆದರೆ ಬರಹ ಆ ಮಾತು ಆಡಿಲ್ಲ. ಉತ್ತರ: ಹೇಳಿಲ್ಲ. ತನ್ನ ತಿಳಿವಳಿಕೆಯನ್ನು ಬದಿಗಿಟ್ಟು ಬರಹ ಹೇಳಿದ್ದಷ್ಟನ್ನೇ ಹಿಡಿಯುವ ಈ ಶಿಸ್ತು ಪದಪಟ್ಟಿ ಬಾಯಿಪಾಠ ಮಾಡಿ ಬರುವಂಥದ್ದಲ್ಲ. ಕೇಂಬ್ರಿಜ್ ಪ್ರಕಟಿಸುವ ಅಭ್ಯಾಸ ಪತ್ರಿಕೆಗಳ ಸಂಪುಟಗಳಲ್ಲಿ ಒಂದೊಂದು ತಪ್ಪು ಉತ್ತರಕ್ಕೂ ಕಾರಣ ಹುಡುಕಿ ಬರೆದಿಟ್ಟುಕೊಳ್ಳಬೇಕು. ಹತ್ತು ಪತ್ರಿಕೆ ಓಡಿಸಿ ಮುಗಿಸುವುದಕ್ಕಿಂತ ಎರಡನ್ನು ಹೀಗೆ ಅಗೆದು ನೋಡುವುದು ಮೇಲು. ನಲವತ್ತರಲ್ಲಿ ಸುಮಾರು 23 ಸರಿಯಾದರೆ ಬ್ಯಾಂಡ್ ಆರು, 30 ಸರಿಯಾದರೆ ಏಳು. ನಡುವಿನ ಅಂತರ ಏಳು ಪ್ರಶ್ನೆ.

ಇನ್ನು ಬರವಣಿಗೆ. ಹೆಚ್ಚಿನ ಅಭ್ಯರ್ಥಿಗಳ ಬ್ಯಾಂಡ್ ಕೆಳಗಿಳಿಯುವುದು ಇಲ್ಲೇ. ಒಂದು ಗಂಟೆಯಲ್ಲಿ ಎರಡು ಬರಹ: ಮೊದಲನೆಯದು ಕನಿಷ್ಠ 150 ಪದ, ಎರಡನೆಯದು 250 ಪದಗಳ ಪ್ರಬಂಧ. ಎರಡನೆಯದಕ್ಕೆ ಮೊದಲನೆಯದರ ಇಮ್ಮಡಿ ತೂಕ. ಆದರೂ ಮೊದಲನೆಯದನ್ನು ಚಂದ ಮಾಡಲು ಹೋಗಿ ಅರ್ಧ ಗಂಟೆ ಕಳೆಯುವವರು ಬಹಳ. ಇಪ್ಪತ್ತು ನಿಮಿಷಕ್ಕೆ ಅದನ್ನು ಬಿಟ್ಟೇಳಬೇಕು.

ಪರೀಕ್ಷಕರು ನಾಲ್ಕು ಸಂಗತಿ ನೋಡುತ್ತಾರೆ: ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಬಂದಿದೆಯೇ, ವಿಚಾರಗಳು ಒಂದಕ್ಕೊಂದು ಹೆಣೆದುಕೊಂಡಿವೆಯೇ, ಪದಬಳಕೆ ಹೇಗಿದೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮಪಾಲು. ಅಂದರೆ ತಪ್ಪಿಲ್ಲದ ಇಂಗ್ಲಿಷ್ ಬರೆದರೂ ಪ್ರಶ್ನೆಯ ಅರ್ಧವನ್ನು ಮರೆತರೆ ಅಂಕ ಇಳಿಯುತ್ತದೆ. ಕೋಚಿಂಗ್ ಸೆಂಟರುಗಳು ಕೊಡುವ ಸಿದ್ಧ ವಾಕ್ಯಗಳ ಹಾಳೆಯನ್ನು ಕಂಠಪಾಠ ಮಾಡಿ ಹೋಗುವವರು ಈ ಮಾತನ್ನು ಗಮನಿಸಬೇಕು. ಬಾಯಿಪಾಠದ ಸಾಲುಗಳನ್ನು ಗುರುತಿಸಲು ಪರೀಕ್ಷಕರಿಗೆ ತರಬೇತಿಯೇ ಇರುತ್ತದೆ.

ಕನ್ನಡ ಶಾಲೆಯಲ್ಲಿ ಓದಿದವರಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕನ್ನಡ ಮೇಷ್ಟ್ರು ಹೈಸ್ಕೂಲಿನಲ್ಲಿ ಬರೆಸಿದ ಪ್ರಬಂಧದ ಚೌಕಟ್ಟೇ ಇಲ್ಲಿಯೂ ನಡೆಯುತ್ತದೆ. ಬದಲಾಗಬೇಕಾದದ್ದು ಒಳಗಿನ ತುಂಬಣಿ. ನಾವು ಪೀಠಿಕೆಯಲ್ಲಿ ಗಾದೆ, ಸೂಕ್ತಿ, ಮಹಾತ್ಮರ ಮಾತು ತುಂಬಿ ಎರಡನೆಯ ಪುಟದಲ್ಲಿ ವಿಷಯಕ್ಕೆ ಬರಲು ಕಲಿತವರು. ಇಲ್ಲಿ ಮೊದಲ ಪ್ಯಾರಾದಲ್ಲೇ ತನ್ನ ನಿಲುವು ಏನೆಂದು ಹೇಳಿಬಿಡಬೇಕು. ಆಮೇಲೆ ಒಂದು ಪ್ಯಾರಾಕ್ಕೆ ಒಂದೇ ವಿಚಾರ, ಅದಕ್ಕೊಂದು ಕಾರಣ, ಒಂದು ಉದಾಹರಣೆ. ಉದಾಹರಣೆ ನಮ್ಮೂರಿನ ಬಸ್ಸಿನದಾಗಿರಬಹುದು, ನಮ್ಮ ತಾಲ್ಲೂಕು ಆಸ್ಪತ್ರೆಯದೂ ಆಗಿರಬಹುದು, ಲಂಡನ್ನಿನದೇ ಆಗಬೇಕೆಂದಿಲ್ಲ.

ವ್ಯಾಕರಣದಲ್ಲಿ ನಮ್ಮವರು ಪದೇ ಪದೇ ಎಡವುವ ಜಾಗಗಳು ಕೆಲವೇ. ಇಂಗ್ಲಿಷಿನ ಎ, ಆ್ಯನ್, ದಿ ಎಂಬ ಮೂರಕ್ಕೆ ಕನ್ನಡದಲ್ಲಿ ಜೋಡಿಯಿಲ್ಲ, ಆದ್ದರಿಂದ ಅವು ಬೇಕಾದಲ್ಲಿ ಬಿಟ್ಟುಹೋಗುತ್ತವೆ, ಬೇಡದಲ್ಲಿ ಬಂದು ಕೂರುತ್ತವೆ. ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್ ಎಂಬಂಥ ವಾಕ್ಯ ಬೆಂಗಳೂರಿನ ಆಫೀಸಿನಲ್ಲಿ ನಡೆದೀತು, ಪರೀಕ್ಷೆಯಲ್ಲಿ ನಡೆಯದು. ತಾನು ಬರೆದ ಹತ್ತು ಪ್ರಬಂಧಗಳನ್ನು ಮುಂದಿಟ್ಟುಕೊಂಡು ಮರುಕಳಿಸುವ ತಪ್ಪುಗಳನ್ನು ಪಟ್ಟಿ ಮಾಡಿದರೆ, ಅವು ಐದಾರು ಬಗೆಗೆ ಮೀರುವುದಿಲ್ಲ. ಆ ಐದಾರನ್ನು ತಿದ್ದಿಕೊಳ್ಳುವುದಕ್ಕೆ ಇಡೀ ವ್ಯಾಕರಣ ಪುಸ್ತಕ ಬೇಕಿಲ್ಲ. ತಿದ್ದಿಕೊಡುವ ಒಬ್ಬ ಒಳ್ಳೆಯ ಮೇಷ್ಟ್ರು ಸಿಕ್ಕರೆ ಸಾಕು.

ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ನಡುವೆ ಒಂದು ಚೀಟಿ ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ, ಎರಡು ನಿಮಿಷದವರೆಗೆ ಒಬ್ಬರೇ ಮಾತಾಡಬೇಕು. ಹೊತ್ತಾದಾಗ ಪರೀಕ್ಷಕರು ನಡುವೆಯೇ ತಡೆಯುತ್ತಾರೆ. ತಪ್ಪಾಡಿದೆವೇನೋ ಎಂದು ಹೆದರಬೇಕಿಲ್ಲ, ಅದು ಗಡಿಯಾರದ ಕೆಲಸ. ಬಿಳಿಯರ ಹಾಗೆ ಉಚ್ಚರಿಸಬೇಕೆಂಬ ಭ್ರಮೆಯನ್ನೂ ಬಿಡಬೇಕು. ಕನ್ನಡದ ಛಾಯೆ ಇದ್ದರೆ ಅಂಕ ಹೋಗುವುದಿಲ್ಲ, ಕೇಳುವವರಿಗೆ ತಿಳಿಯದಿದ್ದರೆ ಹೋಗುತ್ತದೆ. ಎಗ್ ಎನ್ನುವುದನ್ನು ಯೆಗ್ ಎಂದೂ ಓಪನ್ ಎನ್ನುವುದನ್ನು ವೋಪನ್ ಎಂದೂ ಆಡುವ ನಮ್ಮ ರೂಢಿ ಒಮ್ಮೆ ಕಿವಿಗೆ ಬಿದ್ದರೆ ತಾನಾಗಿ ಕಡಿಮೆಯಾಗುತ್ತದೆ. ಅದಕ್ಕೆ ತನ್ನ ಮಾತನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಬೇಕು. ಮೊದಮೊದಲು ಮುಜುಗರವಾಗುತ್ತದೆ, ಆದರೂ ಇದಕ್ಕಿಂತ ಒಳ್ಳೆಯ ಅಗ್ಗದ ಉಪಾಯವಿಲ್ಲ.

ನರ್ಸ್‌ಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅವರಿಗೆ ಒಇಟಿ ಎಂಬ ಇನ್ನೊಂದು ದಾರಿಯಿದೆ. ಆಸ್ಟ್ರೇಲಿಯಾದಲ್ಲಿ 1980ರ ದಶಕದ ಕೊನೆಯಲ್ಲಿ ರೂಪುಗೊಂಡ ಈ ಪರೀಕ್ಷೆ ವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟರು ಸೇರಿ ಹನ್ನೆರಡು ಆರೋಗ್ಯ ವೃತ್ತಿಗಳಿಗೆ ಮೀಸಲು. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ 2017ರಿಂದ ಇದನ್ನೂ ಒಪ್ಪುತ್ತಿದೆ. ಇಲ್ಲಿ ಬರೆಯಬೇಕಾದದ್ದು ಪತ್ರ. ರೋಗಿಯ ಕೇಸ್ ಟಿಪ್ಪಣಿ ಕೊಡುತ್ತಾರೆ. ಮನೆಗೆ ಹೊರಟ ರೋಗಿಯ ಮುಂದಿನ ಆರೈಕೆಗಾಗಿ ಇನ್ನೊಬ್ಬ ನರ್ಸಿಗೋ ವೈದ್ಯರಿಗೋ ನಲವತ್ತು ನಿಮಿಷದಲ್ಲಿ ಬರೆಯಬೇಕು. ಟಿಪ್ಪಣಿಯಲ್ಲಿದ್ದುದನ್ನೆಲ್ಲ ಇಳಿಸುವವರು ಅಂಕ ಕಳೆದುಕೊಳ್ಳುತ್ತಾರೆ. ಓದುವವರಿಗೆ ಬೇಕಾದದ್ದು ಯಾವುದು ಎಂದು ಆರಿಸುವುದೇ ಪರೀಕ್ಷೆ. ಹತ್ತು ವರ್ಷದ ಹಿಂದಿನ ಅಪೆಂಡಿಕ್ಸ್ ಆಪರೇಷನ್ ಈಗಿನ ಮಧುಮೇಹದ ಗಾಯಕ್ಕೆ ಸಂಬಂಧಪಡದಿದ್ದರೆ ಅದನ್ನು ಬಿಡಬೇಕು.

ಮಾತಿನ ಭಾಗದಲ್ಲಿ ಒಬ್ಬರು ರೋಗಿಯ ಅಥವಾ ಬಂಧುವಿನ ಪಾತ್ರ ವಹಿಸುತ್ತಾರೆ, ಅಭ್ಯರ್ಥಿ ನರ್ಸಾಗಿಯೇ ಮಾತಾಡಬೇಕು. ನಮ್ಮ ಆಸ್ಪತ್ರೆಗಳ ನರ್ಸ್‌ಗಳಿಗೆ ಇದು ಸುಲಭವಾಗಬೇಕಿತ್ತು. ಆದರೆ ವಾರ್ಡಿನಲ್ಲಿ ಅವರು ಇಂಗ್ಲಿಷ್ ಬಳಸುವುದು ಚಾರ್ಟ್ ಬರೆಯುವಾಗ, ಡಾಕ್ಟರ ಜೊತೆ ರೌಂಡ್ಸ್‌ನಲ್ಲಿ. “ಅಮ್ಮಾ, ಸ್ವಲ್ಪ ತಡ್ಕೊಳ್ಳಿ, ಈಗ ಕಡಿಮೆ ಆಗುತ್ತೆ” ಎಂದು ಧೈರ್ಯ ಹೇಳುವುದು ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ. ಸಾಂತ್ವನದ ಇಂಗ್ಲಿಷ್ ಅವರ ಬಾಯಿಗೆ ಬಂದೇ ಇರುವುದಿಲ್ಲ. ಒಇಟಿ ಅದನ್ನೇ ತೂಗುತ್ತದೆ: ರೋಗಿಯ ಆತಂಕವನ್ನು ಕೇಳಿಸಿಕೊಂಡಿರಾ, ಅರ್ಥವಾಯಿತೇ ಎಂದು ವಿಚಾರಿಸಿದಿರಾ, ಕಠಿಣ ವೈದ್ಯಕೀಯ ಪದವನ್ನು ಸರಳ ಮಾತಿನಲ್ಲಿ ಹೇಳಿದಿರಾ? ಕೆಲಸದ ಪಾಳಿ ಮುಗಿದ ಮೇಲೆ ಇಬ್ಬರು ಗೆಳತಿಯರು ಹಾಸ್ಟೆಲಿನಲ್ಲಿ ಕೂತು, ಒಬ್ಬಳು ರೋಗಿ ಒಬ್ಬಳು ನರ್ಸ್ ಆಗಿ ದಿನವೂ ಕಾಲು ಗಂಟೆ ಆಡಿದರೆ ಈ ಕೊರತೆ ತುಂಬುತ್ತದೆ. ನಮ್ಮ ನರ್ಸಿಂಗ್ ಕಾಲೇಜುಗಳು ಇದನ್ನು ಪಾಠದ ಭಾಗವಾಗಿಯೇ ಮಾಡಬೇಕು.

ಇಷ್ಟಕ್ಕೆಲ್ಲ ಎಷ್ಟು ಕಾಲ ಬೇಕು? ಯುರೋಪಿನ ಭಾಷಾ ಮಟ್ಟಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಏರಲು ಸುಮಾರು 200 ಗಂಟೆಗಳ ಮಾರ್ಗದರ್ಶಿತ ಕಲಿಕೆ ಬೇಕೆಂಬುದು ಕೇಂಬ್ರಿಜ್ ಕೊಡುವ ಅಂದಾಜು. ದಿನಕ್ಕೆ ಎರಡು ಗಂಟೆಯಂತೆ ಹಿಡಿದರೂ ಮೂರು ತಿಂಗಳ ಮೇಲಾಯಿತು. ಹದಿನೈದು ದಿನದಲ್ಲಿ ಏಳು ಬ್ಯಾಂಡ್ ಗ್ಯಾರಂಟಿ ಎಂಬ ಬೋರ್ಡನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಇನ್ನೂ ಅಪಾಯದ ದಾರಿ ತೋರಿಸುವ ಏಜೆಂಟರೂ ಇದ್ದಾರೆ. 2022ರಲ್ಲಿ ಕೆನಡಾದಿಂದ ಅಮೆರಿಕದೊಳಗೆ ನುಸುಳಲು ಹೋಗಿ ನದಿಯಲ್ಲಿ ಮುಳುಗುತ್ತಿದ್ದ ದೋಣಿಯಿಂದ ಗುಜರಾತಿನ ಯುವಕರನ್ನು ರಕ್ಷಿಸಲಾಯಿತು. ಅಮೆರಿಕದ ನ್ಯಾಯಾಲಯದಲ್ಲಿ ಅವರು ಇಂಗ್ಲಿಷಿನ ಸರಳ ಪ್ರಶ್ನೆಗಳಿಗೂ ಉತ್ತರಿಸಲಾರದೆ ನಿಂತರು. ಕೈಯಲ್ಲಿ ಮಾತ್ರ ಐಇಎಲ್‌ಟಿಎಸ್‌ನ ಒಳ್ಳೆಯ ಬ್ಯಾಂಡುಗಳಿದ್ದವು. ಆ ರಾಜ್ಯದ ಮೆಹ್ಸಾಣಾ ಪೊಲೀಸರು ತನಿಖೆ ಶುರುಮಾಡಿದ್ದು ಆ ಬಳಿಕವೇ. ಹಣ ಕೊಟ್ಟು ಅಂಕ ಕೊಂಡವರು ಪರದೇಶದಲ್ಲಿ ಬಾಯಿಲ್ಲದೆ ನಿಲ್ಲುವ ಸ್ಥಿತಿ ಯಾವ ಮನೆಯ ಮಕ್ಕಳಿಗೂ ಬರಬಾರದು.

ಐಇಎಲ್‌ಟಿಎಸ್ ಈಗ ಹೆಚ್ಚಾಗಿ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಕಾಗುಣಿತ ತಿದ್ದುವ ಸೌಲಭ್ಯ ಅದರಲ್ಲಿರುವುದಿಲ್ಲ. ಹಾಗಾಗಿ ಕೀಲಿಮಣೆಯ ಮೇಲೆ ಬೆರಳು ಓಡುವಷ್ಟು ಟೈಪಿಂಗ್ ಅಭ್ಯಾಸವೂ ತಯಾರಿಯ ಭಾಗವೇ. ಕಂಪ್ಯೂಟರಿನಲ್ಲಿ ಬರೆದವರಿಗೆ ಒಂದೇ ಭಾಗ ಕೈಕೊಟ್ಟಿದ್ದರೆ, ಆ ಭಾಗವನ್ನಷ್ಟೇ ಮತ್ತೆ ಬರೆಯುವ ಅವಕಾಶ ಈಗ ಇದೆ. ಆದರೆ ತಾನು ಅರ್ಜಿ ಹಾಕುವ ಸಂಸ್ಥೆ ಅಂಥ ಅಂಕಪಟ್ಟಿಯನ್ನು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಫಲಿತಾಂಶದ ಬಗ್ಗೆ ಅನುಮಾನವಿದ್ದರೆ, ಪರೀಕ್ಷೆಯ ದಿನದಿಂದ ಆರು ವಾರದೊಳಗೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಬ್ಯಾಂಡ್ ಏರಿದರೆ ಅದಕ್ಕೆ ಕಟ್ಟಿದ ಶುಲ್ಕ ವಾಪಸ್ ಬರುತ್ತದೆ. ಅಂಕಪಟ್ಟಿಗೆ ಸಾಮಾನ್ಯವಾಗಿ ಎರಡು ವರ್ಷದ ಮಾನ್ಯತೆ. ಪದವಿಯ ಕೊನೆಯ ವರ್ಷದಲ್ಲಿರುವವರು ಅರ್ಜಿಯ ಕೊನೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ, ಇನ್ನೊಂದು ಪ್ರಯತ್ನಕ್ಕೂ ಹೊತ್ತು ಉಳಿಯುವಂತೆ ಪರೀಕ್ಷೆಯ ದಿನ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.