ಮೊಬೈಲ್‌ನಲ್ಲಿ ತೆರೆಯುವ ವೆಬ್‌ಸೈಟ್ ಅಂಗಡಿ ಕಂಪ್ಯೂಟರ್‌ನಲ್ಲಿ ಯಾಕೆ ತೆರೆಯಲ್ಲ?

ವಿಜಯಪುರ: ಅರ್ಜಿಗೆ ಇವತ್ತೇ ಕೊನೇ ದಿನ. ಗ್ರಾಹಕರ ಮೊಬೈಲ್‌ನಲ್ಲಿ ವೆಬ್‌ಸೈಟ್ ತೆರೆಯುತ್ತದೆ, ಅಂಗಡಿ ಕಂಪ್ಯೂಟರ್‌ನಲ್ಲಿ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯಲ್ಲಿ ಉತಾರ, ಅರ್ಜಿ ತೆಗೆದುಕೊಡುವ ಝೆರಾಕ್ಸ್ ಅಂಗಡಿಯವರು ಇಂಥ ಹೊತ್ತಲ್ಲಿ ಗಾಬರಿಯಾಗಬೇಕಿಲ್ಲ. ಕಂಪ್ಯೂಟರ್ ಹಳೇ ವಿಳಾಸ ಹಿಡಿದು ಕೂತಿರಬಹುದು.

ಪ್ರತಿ ವೆಬ್‌ಸೈಟ್‌ಗೂ ಐಪಿ ಎಂಬ ಅಂಕಿ ವಿಳಾಸ ಇರುತ್ತದೆ. ಹೆಸರು ಹೇಳಿದರೆ ಆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಕಂಪ್ಯೂಟರ್ ಅದನ್ನು ಕೆಲಹೊತ್ತು ನೆನಪಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ವೆಬ್‌ಸೈಟ್ ಬೇರೆ ಸರ್ವರ್‌ಗೆ ಹೋದರೆ, ಖಾಲಿ ಮಾಡಿದ ಮನೆಯ ಬಾಗಿಲನ್ನೇ ಬಡಿಯುತ್ತಿರುತ್ತದೆ.

ಏನು ಮಾಡಬೇಕು?

1. ಮೊಬೈಲ್‌ನ ವೈಫೈ ಬಂದ್ ಮಾಡಿ, ಡೇಟಾದಲ್ಲಿ ನೋಡಿ. ಅಲ್ಲೂ ತೆರೆಯದಿದ್ದರೆ ತೊಂದರೆ ಸರ್ವರ್‌ನದ್ದೇ ಇರಬಹುದು, ಕಾಯಿರಿ.

2. ತೆರೆದರೆ, ವಿಂಡೋಸ್‌ನ ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ ತೆರೆಯಿರಿ. ಇಂಗ್ಲಿಷ್‌ನಲ್ಲಿ ಐ-ಪಿ-ಸಿ-ಒ-ಎನ್-ಎಫ್-ಐ-ಜಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ‘/’ ಹಾಕಿ, ಅದಕ್ಕಂಟಿಸಿ ಎಫ್-ಎಲ್-ಯು-ಎಸ್-ಎಚ್-ಡಿ-ಎನ್-ಎಸ್ ಬರೆದು ಎಂಟರ್ ಒತ್ತಿ.

3. ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಆಗದಿದ್ದರೆ ರೂಟರ್ ಒಂದು ನಿಮಿಷ ಆಫ್ ಮಾಡಿ ಹಚ್ಚಿ.

ಇದರಿಂದ ಫೈಲು, ಪಾಸ್‌ವರ್ಡ್ ಯಾವುದೂ ಅಳಿಯಲ್ಲ. ಫಾರ್ಮ್ಯಾಟ್ ಮಾಡಿಸಲು ದುಡ್ಡು ಕೊಡುವ ಮೊದಲು ಇಷ್ಟು ಮಾಡಿ ನೋಡಿ.